ಹೈ ರಿಸ್ಕ್ ಎಂದರೆ ಯಾವ ಇಸವಿಯ ರಿಸ್ಕ್?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಋತುಮಾನದವು. ಮಳೆಗಾಲ ಶುರುವಾದರೆ ಡೆಂಗಿ, ಬೇಸಿಗೆಗೆ ಕಿಡ್ನಿ ಕಲ್ಲು, ಮದುವೆ ಸೀಸನ್ನಿಗೆ ತೂಕ ಇಳಿಸುವ ಉಪಾಯ. ಒಂದು ಪ್ರಶ್ನೆ ಮಾತ್ರ ವರ್ಷವಿಡೀ ಬರುತ್ತದೆ, ಅದೂ ಸಾಮಾನ್ಯವಾಗಿ ರಾತ್ರಿ ಊಟದ ಹೊತ್ತು ಕಳೆದ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ. ಬೋನ್ ಮ್ಯಾರೋ ರಿಪೋರ್ಟಿನ ನಾಲ್ಕಾರು ಫೋಟೊ. ಕೊನೆಯ ಪುಟದಲ್ಲಿ ‘ಹೈ ರಿಸ್ಕ್’ ಅಥವಾ ‘ಅಡ್ವರ್ಸ್’ ಎಂಬಲ್ಲಿ ಯಾರೋ ಪೆನ್ನಿನಿಂದ ಸುತ್ತು ಹಾಕಿರುತ್ತಾರೆ. ಕೆಳಗೆ ಒಂದೇ ಸಾಲು: ‘ಡಾಕ್ಟ್ರೇ, ಉಳೀತಾರಾ?’

ನಾನು ಲ್ಯುಕೇಮಿಯಾಕ್ಕೆ ಚಿಕಿತ್ಸೆ ಕೊಡುವ ಹೆಮಟಾಲಜಿಸ್ಟ್ ಅಲ್ಲ. ಜಿಲ್ಲಾ ಕೇಂದ್ರವೊಂದರ ಫಿಜಿಷಿಯನ್. ರಕ್ತದ ಸ್ಲೈಡ್ ನೋಡಿ ಅನುಮಾನ ಬಂದವರನ್ನು ಬೆಂಗಳೂರಿಗೋ ಮಣಿಪಾಲಕ್ಕೋ ವೆಲ್ಲೂರಿಗೋ ಕಳಿಸುವುದು, ಕೀಮೋ ಮುಗಿಸಿ ಊರಿಗೆ ಬಂದವರ ಜ್ವರ, ಪ್ಲೇಟ್‌ಲೆಟ್ ನೋಡಿಕೊಳ್ಳುವುದು, ಇಷ್ಟೇ ನನ್ನ ಪಾಲಿನ ಕೆಲಸ. ಆದರೆ ಈ ಜಾಗದಲ್ಲಿ ಕೂತವರಿಗೆ ಒಂದು ಅನುಕೂಲವಿದೆ. ಹೋದವರಲ್ಲಿ ಯಾರು ತಿರುಗಿ ಬಂದರು, ಎಷ್ಟು ವರ್ಷ ಬರುತ್ತಲೇ ಇದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ನಾನು ಓದುವ ಕಾಲದಲ್ಲಿ ಯಾವ ರಿಪೋರ್ಟ್ ನೋಡಿ ಮೇಷ್ಟ್ರುಗಳು ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಿದ್ದರೋ, ಅದೇ ರಿಪೋರ್ಟಿನ ಹುಡುಗರು ಇಂದು ನನ್ನ ಕ್ಲಿನಿಕ್ಕಿಗೆ ಬೈಕಿನಲ್ಲಿ ಬರುತ್ತಾರೆ. ಹಾಗಾಗಿ ಆ ರಾತ್ರಿಯ ಪ್ರಶ್ನೆಗೆ ನನ್ನ ಮೊದಲ ಉತ್ತರ ಮರುಪ್ರಶ್ನೆಯೇ: ಯಾವ ಜೀನ್? ‘ಹೈ ರಿಸ್ಕ್’ ಎಂಬ ಸಾಲಿಗಿಂತ ಅದರ ಮೇಲಿನ ಸಾಲಿನಲ್ಲಿರುವ ಅಕ್ಷರ-ಅಂಕಿಗಳ ಹೆಸರು ಮುಖ್ಯ. ಅದರ ಫೋಟೊ ಕಳಿಸಿ.

ಜೀನ್ ಎಂದ ಕೂಡಲೇ ಮನೆಯವರ ಮುಖ ಇನ್ನಷ್ಟು ಕಪ್ಪಿಡುತ್ತದೆ. ಅಡಿಕೆ ತೋಟದ ಮನೆಯೊಂದರ ಹುಡುಗನಿಗೆ ಲ್ಯುಕೇಮಿಯಾ ಎಂದು ಗೊತ್ತಾದ ತಿಂಗಳಲ್ಲೇ ಅವನ ತಂಗಿಗೆ ಬಂದಿದ್ದ ಸಂಬಂಧ ಮುರಿಯಿತು. ರಿಪೋರ್ಟಿನಲ್ಲಿ ‘ಜೆನೆಟಿಕ್’ ಎಂದು ಬರೆದಿದ್ದನ್ನು ಗಂಡಿನ ಕಡೆಯವರಲ್ಲಿ ಯಾರೋ ಓದಿದ್ದರು. ಅಪ್ಪನನ್ನು ಕೂರಿಸಿ ಹೇಳಬೇಕಾಯಿತು: ಈ ದೋಷ ನಿಮ್ಮಿಂದ ಅವನಿಗೆ ಬಂದದ್ದಲ್ಲ, ಅವನಿಂದ ಅವನ ಮಕ್ಕಳಿಗೆ ಹೋಗುವುದೂ ಅಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ದಿನವೂ ಕೋಟಿಗಟ್ಟಲೆ ರಕ್ತಕಣಗಳು ಹುಟ್ಟುತ್ತವೆ. ಹುಟ್ಟುವಾಗ ವರ್ಣತಂತುಗಳ ನಕಲಾಗಬೇಕು. ಎಲ್ಲೋ ಒಂದು ಕಣದ ನಕಲಿನಲ್ಲಿ ತಪ್ಪಾಗಿ, ಆ ಕಣ ಬಲಿಯದೆ, ಸಾಯದೆ ಬರೀ ಮರಿ ಹಾಕುತ್ತಾ ಹೋದರೆ ಅದು ಲ್ಯುಕೇಮಿಯಾ. ವಾರಗಳಲ್ಲಿ ಉಲ್ಬಣಿಸಿದರೆ ಅಕ್ಯೂಟ್. ತಪ್ಪು ಆ ಕಣದ ಸಂತತಿಯಲ್ಲಿ ಮಾತ್ರ ಇರುತ್ತದೆ, ಅವನ ಕೆನ್ನೆಯ ಚರ್ಮದಲ್ಲೂ ಇರುವುದಿಲ್ಲ. ಕುಟುಂಬದಲ್ಲಿ ಹರಿದು ಬರುವ ಬಗೆಗಳಿಲ್ಲವೆಂದಲ್ಲ. ಅವು ಕಡಿಮೆ, ಅಂಥ ಅನುಮಾನವಿದ್ದರೆ ವೈದ್ಯರೇ ಒಡಹುಟ್ಟಿದವರನ್ನು ಕರೆಸಿ ಪರೀಕ್ಷೆ ಮಾಡುತ್ತಾರೆ. ಆ ತಂಗಿಯ ಮದುವೆ ಆಮೇಲೆ ಬೇರೆ ಕಡೆ ಆಯಿತು, ಊಟಕ್ಕೆ ನಾನೂ ಹೋಗಿದ್ದೆ.

ಇನ್ನು ರಿಸ್ಕಿನ ವಿಷಯ. ಈ ಹಣೆಪಟ್ಟಿಯನ್ನು ಯಾರು, ಹೇಗೆ ಅಂಟಿಸುತ್ತಾರೆ? ಮೈಕ್ರೋಸ್ಕೋಪಿನಲ್ಲಿ ‘ಅಪಾಯ’ ಕಾಣುವುದಿಲ್ಲ. ಒಂದೇ ಜೀನ್ ಬದಲಾವಣೆ ಇದ್ದ ಹಿಂದಿನ ನೂರಾರು ರೋಗಿಗಳಿಗೆ ಅಂದಿನ ಚಿಕಿತ್ಸೆ ಕೊಟ್ಟಾಗ ಎಷ್ಟು ಮಂದಿ ಉಳಿದರು ಎಂದು ಎಣಿಸಿ, ಚೆನ್ನಾಗಿ ಉಳಿದವರ ಗುಂಪಿಗೆ ಒಂದು ಹೆಸರು, ನಡುವಿನವರಿಗೆ ಒಂದು, ಉಳಿಯದವರಿಗೆ ಒಂದು ಕೊಡುತ್ತಾರೆ. ಅಂದರೆ ಇಂದಿನ ರಿಪೋರ್ಟಿನಲ್ಲಿ ಅಚ್ಚಾಗುವ ರಿಸ್ಕ್ ನಿನ್ನೆಯ ಔಷಧಿಗಳ ಸೋಲಿನ ಲೆಕ್ಕ. ಹೊಸ ಔಷಧಿ ಬಂದರೆ ಲೆಕ್ಕ ಬದಲಾಗಬೇಕು, ಬದಲಾಗಿಯೂ ಇದೆ. ಎಎಂಎಲ್ ಎಂಬ ಬಗೆಯ ರಕ್ತದ ಕ್ಯಾನ್ಸರಿಗೆ ಜಗತ್ತಿನ ಬಹುಪಾಲು ವೈದ್ಯರು ಅನುಸರಿಸುವುದು ಯುರೋಪಿಯನ್ ಲ್ಯುಕೇಮಿಯಾ ನೆಟ್‌ನ ಪಟ್ಟಿಯನ್ನು. ಅದರ 2017ರ ಆವೃತ್ತಿಯಲ್ಲಿ ಎಫ್‌ಎಲ್‌ಟಿ3 ಎಂಬ ಜೀನಿನ ಒಂದು ಬದಲಾವಣೆ ಹೆಚ್ಚಿನ ಪ್ರಮಾಣದಲ್ಲಿದ್ದು, ಜೊತೆಗೆ ಎನ್‌ಪಿಎಂ1 ಎಂಬ ಇನ್ನೊಂದು ಜೀನಿನ ಬದಲಾವಣೆ ಇಲ್ಲದಿದ್ದರೆ ಕೆಟ್ಟ ಗುಂಪು. 2022ರ ಆವೃತ್ತಿಯಲ್ಲಿ ಅದೇ ರೋಗಿ ನಡುವಿನ ಗುಂಪಿಗೆ ಬಂದ. ಅವನ ಮಜ್ಜೆಯಲ್ಲಿ ಏನೂ ಬದಲಾಗಿರಲಿಲ್ಲ. ಪ್ರಮಾಣ ಅಳೆಯುವ ವಿಧಾನ ಲ್ಯಾಬಿನಿಂದ ಲ್ಯಾಬಿಗೆ ಬೇರೆ ಎಂಬುದು ಒಂದು ಕಾರಣವಾದರೆ, ಆ ಜೀನಿಗೇ ಗುರಿಯಿಟ್ಟ ಔಷಧಿ ನಡುವೆ ಬಂದದ್ದು ಇನ್ನೊಂದು.

ಈ ಗುರಿಯಿಡುವ ವಿದ್ಯೆ ಶುರುವಾದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. 1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬಿಬ್ಬರು ಒಂದು ಬಗೆಯ ಲ್ಯುಕೇಮಿಯಾ ಕಣಗಳಲ್ಲಿ ಅಸಹಜವಾಗಿ ಮೋಟಾದ ವರ್ಣತಂತುವೊಂದನ್ನು ಕಂಡರು. ಊರಿನ ಹೆಸರೇ ಅದಕ್ಕೆ ಬಿತ್ತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಮೋಟಾದದ್ದು ಹೇಗೆ ಎಂದು ತಿಳಿಯಲು 1973ರವರೆಗೆ ಕಾಯಬೇಕಾಯಿತು. ಷಿಕಾಗೊದ ಜಾನೆಟ್ ರೌಲಿ ಮಕ್ಕಳನ್ನು ಬೆಳೆಸುತ್ತಾ ಅರೆಕಾಲಿಕ ಕೆಲಸ ಮಾಡುತ್ತಿದ್ದ ವೈದ್ಯೆ. ಕ್ರೋಮೋಸೋಮುಗಳ ಫೋಟೊಗಳನ್ನು ಮನೆಗೆ ತಂದು, ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರಂತೆ. ಹಾಗೆ ಜೋಡಿಸಿದಾಗ, 22ನೇ ವರ್ಣತಂತುವಿನ ತುಂಡು ಕಳೆದುಹೋಗಿಲ್ಲ, 9ನೆಯದರ ತುದಿಗೆ ಹೋಗಿ ಅಂಟಿದೆ ಎಂದು ಗೊತ್ತಾಯಿತು. ಎರಡರ ತುಂಡುಗಳು ಅದಲುಬದಲಾಗಿದ್ದವು. ಬಿಸಿಆರ್ ಮತ್ತು ಏಬಿಎಲ್ ಎಂಬ ಎರಡು ಜೀನುಗಳು ಈ ಅದಲುಬದಲಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ‘ಬೆಳೆ, ಬೆಳೆ’ ಎಂದು ಬಿಡುವಿಲ್ಲದೆ ಆಜ್ಞೆ ಕೊಡುವ ಹೊಸ ಪ್ರೊಟೀನೊಂದನ್ನು ಹುಟ್ಟಿಸುತ್ತವೆ ಎಂಬುದು ಮುಂದೆ ತಿಳಿಯಿತು.

ಈ ಪ್ರೊಟೀನಿನ ಮೈಯಲ್ಲಿ ಒಂದು ಖಾಲಿ ಜಾಗವಿದೆ. ಕಣದ ಇಂಧನವಾದ ಎಟಿಪಿ ಅಲ್ಲಿ ಬಂದು ಕೂತರೆ ಮಾತ್ರ ಅದು ಕೆಲಸ ಮಾಡುತ್ತದೆ. 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮಾಟಿನಿಬ್ ಎಂಬ ಮಾತ್ರೆ ಮಾಡುವುದು, ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದನ್ನೇ. ಎಟಿಪಿ ಬರುವ ಮೊದಲೇ ಸೀಟು ಹಿಡಿದಿರುತ್ತದೆ. ಬೆಳೆಯುವ ಆಜ್ಞೆ ನಿಂತು ಕಣಗಳು ಸಾಯತೊಡಗುತ್ತವೆ. ಕೀಮೋದಂತೆ ಕೂದಲು, ಕರುಳು, ಬಾಯಿ ಎಲ್ಲದರ ಮೇಲೂ ಬೀಳುವ ಹೊಡೆತವಲ್ಲ ಇದು. ಅಡ್ಡಪರಿಣಾಮ ಇದಕ್ಕೂ ಇದೆ, ಬಗೆ ಬೇರೆ.

ಇಮಾಟಿನಿಬ್ ಹೆಸರು ಮಾಡಿದ್ದು ಸಿಎಂಎಲ್ ಎಂಬ ನಿಧಾನಗತಿಯ ಲ್ಯುಕೇಮಿಯಾದಲ್ಲಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಥೆ ಎಎಲ್‌ಎಲ್‌ನದು. ಇದೇ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಎಲ್‌ಎಲ್ ಎಂಬ ಅಕ್ಯೂಟ್ ಲ್ಯುಕೇಮಿಯಾದಲ್ಲೂ ಸಿಗುತ್ತದೆ. ವಯಸ್ಕರಲ್ಲಿ ಹತ್ತಿರ ಹತ್ತಿರ ಕಾಲು ಭಾಗ, ಮಕ್ಕಳಲ್ಲಿ ನೂರಕ್ಕೆ ಮೂರೋ ನಾಲ್ಕೋ. ಮೊದಲೆಲ್ಲ ಎಎಲ್‌ಎಲ್‌ನಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ. ಬರೀ ಕೀಮೋ ಕೊಟ್ಟರೆ ದೀರ್ಘಕಾಲ ಬದುಕುವ ವಯಸ್ಕರು ಐದರಲ್ಲಿ ಒಬ್ಬರೂ ಇಲ್ಲ. ಅಣ್ಣ-ತಮ್ಮಂದಿರ ಮಜ್ಜೆ ಹೊಂದಿದರೆ ಟ್ರಾನ್ಸ್‌ಪ್ಲಾಂಟ್, ಹೊಂದದಿದ್ದರೆ ದೇವರ ಮೇಲೆ ಭಾರ. ಆಮೇಲೆ ಅಮೆರಿಕದ ಮಕ್ಕಳ ಕ್ಯಾನ್ಸರ್ ತಂಡವೊಂದು ಕೀಮೋ ಜೊತೆಗೇ ಇಮಾಟಿನಿಬ್ ಅನ್ನು ಬಿಡದೆ ಕೊಟ್ಟು ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿತು. ರೋಗ ಮರುಕಳಿಸದೆ 3 ವರ್ಷ ದಾಟಿದ ಮಕ್ಕಳು ಶೇ 80. ಅದಕ್ಕೆ ಮೊದಲಿನ ಲೆಕ್ಕ ಶೇ 35. ಅಧ್ಯಯನದಲ್ಲಿದ್ದ ಮಕ್ಕಳ ಸಂಖ್ಯೆ ಚಿಕ್ಕದು, ನಂತರದ ವರ್ಷಗಳಲ್ಲಿ ಅಂಕಿ ಸ್ವಲ್ಪ ಇಳಿಯಿತು ಕೂಡ. ಆದರೂ ಇಂಥ ಜಿಗಿತ ನಮ್ಮ ವೃತ್ತಿಯಲ್ಲಿ ಜನ್ಮಕ್ಕೊಮ್ಮೆ ಕಾಣಸಿಗುವಂಥದು. 2020ರಲ್ಲಿ ಇಟಲಿಯವರು ಇನ್ನೂ ಮುಂದೆ ಹೋದರು. ಇಮಾಟಿನಿಬ್‌ನ ನಂತರದ ತಲೆಮಾರಿನ ಡಾಸಾಟಿನಿಬ್, ಅದರ ಹಿಂದೆ ಬ್ಲಿನಾಟುಮೊಮ್ಯಾಬ್ ಎಂಬ ಪ್ರತಿಕಾಯ ಔಷಧಿ. ಸಾಂಪ್ರದಾಯಿಕ ಕೀಮೋ ಇಲ್ಲದೆಯೇ 63 ವಯಸ್ಕರಿಗೆ ಚಿಕಿತ್ಸೆ ಆರಂಭಿಸಿದರು. ಒಂದೂವರೆ ವರ್ಷದ ಹೊತ್ತಿಗೆ ಬದುಕಿದ್ದವರು ಶೇ 95.

ಎಎಲ್‌ಎಲ್‌ನಲ್ಲೇ ಅತಿ ಕೆಟ್ಟದ್ದು ಎನಿಸಿಕೊಂಡಿದ್ದ ಬಗೆ ಹೀಗೆ ಎರಡು ದಶಕದಲ್ಲಿ ಪಂಕ್ತಿ ಬದಲಿಸಿ ಕೂತಿತು. ಆದರೂ ಕೆಲವು ರಿಪೋರ್ಟುಗಳಲ್ಲಿ ಹಳೆಯ ಹಣೆಪಟ್ಟಿ ಇಂದಿಗೂ ಅಚ್ಚಾಗುತ್ತದೆ. ಸಾಫ್ಟ್‌ವೇರಿನ ಟೆಂಪ್ಲೇಟ್ ಬದಲಿಸಲು ಯಾರಿಗೂ ಪುರುಸೊತ್ತಿಲ್ಲವೇನೋ.

ರೋಗವೂ ಸುಮ್ಮನಿರುವುದಿಲ್ಲ. ಟಿ315ಐ ಎಂಬ ಒಂದು ಅಕ್ಷರದ ಬದಲಾವಣೆಯಿಂದ ಪ್ರೊಟೀನಿನ ಆ ಖಾಲಿ ಜಾಗದ ಆಕಾರವೇ ಬದಲಾಗಿ, ಇಮಾಟಿನಿಬ್, ಡಾಸಾಟಿನಿಬ್ ಎರಡೂ ಅಲ್ಲಿ ನಿಲ್ಲದಂತಾಗುತ್ತವೆ. ಅದಕ್ಕೆಂದೇ ಪೊನಾಟಿನಿಬ್ ಇದೆ, ರಕ್ತನಾಳ ಮತ್ತು ಹೃದಯದ ಮೇಲೆ ಕಣ್ಣಿಟ್ಟು ಕೊಡಬೇಕು. ಇನ್ನೊಂದು ಅಡಗುತಾಣ ಮೆದುಳು. ಇಮಾಟಿನಿಬ್ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ, ಡಾಸಾಟಿನಿಬ್ ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಬೆನ್ನುಹುರಿಗೆ ಕೊಡುವ ಇಂಜೆಕ್ಷನ್ನುಗಳನ್ನು ಮಾತ್ರೆ ಬಂದ ಮೇಲೂ ನಿಲ್ಲಿಸಿಲ್ಲ ಏಕೆ ಎಂದು ಕೇಳುವವರಿಗೆ ಇದೇ ಉತ್ತರ.

ಇಷ್ಟು ಹೊತ್ತಿಗೆ ಓದುಗರಲ್ಲಿ ಕೆಲವರು ಬೆಲೆ ಕೇಳುತ್ತಿರುತ್ತಾರೆ. ಕೇಳಬೇಕು. ಇಮಾಟಿನಿಬ್‌ನ ಮೂಲ ಬ್ರ್ಯಾಂಡಾದ ಗ್ಲಿವೆಕ್‌ಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಕಾಲದಲ್ಲಿ ಭಾರತದ ಕಂಪನಿಗಳ ಜೆನೆರಿಕ್ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ಗ್ಲಿವೆಕ್‌ಗೆ ಇಲ್ಲಿ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ, ಹಳೆಯ ವಸ್ತುವಿನ ಹೊಸ ರೂಪಕ್ಕೆ ಗುಣವೂ ಹೆಚ್ಚಿದ್ದರೆ ಮಾತ್ರ ಪೇಟೆಂಟ್ ಎನ್ನುತ್ತದೆ. 2013ರ ಏಪ್ರಿಲ್ 1ರಂದು ಕಂಪನಿಯ ಅರ್ಜಿ ವಜಾ ಆಯಿತು. ಸಂಶೋಧನೆಗೆ ಹಣ ಸುರಿದವರಿಗೆ ಲಾಭ ಬೇಡವೇ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ತೀರ್ಪು ಬೇರೆಯಾಗಿದ್ದರೆ ನನ್ನ ಕ್ಲಿನಿಕ್ಕಿಗೆ ಬೈಕಿನಲ್ಲಿ ಬರುವವರ ಸಂಖ್ಯೆಯೂ ಬೇರೆಯಾಗಿರುತ್ತಿತ್ತು, ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಬಗೆ ಎಪಿಎಂಎಲ್. ಎಎಂಎಲ್‌ನದೇ ಒಳಪಂಗಡ. 1957ರಲ್ಲಿ ನಾರ್ವೆಯ ಲೀಫ್ ಹಿಲ್ಲೆಸ್ಟಾಡ್ ಮೂವರು ರೋಗಿಗಳ ವಿವರ ಬರೆದು, ತನಗೆ ತಿಳಿದ ಲ್ಯುಕೇಮಿಯಾಗಳಲ್ಲಿ ಇದೇ ಅತ್ಯಂತ ಉಗ್ರ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿದು, ವಸಡು, ಮೂಗು, ಕೊನೆಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ವಾರಗಳಲ್ಲಿ ಸಾವು. ಇದರಲ್ಲಿ 15 ಮತ್ತು 17ನೇ ವರ್ಣತಂತುಗಳ ಅದಲುಬದಲನ್ನು 1977ರಲ್ಲಿ ಕಂಡದ್ದೂ ಅದೇ ಜಾನೆಟ್ ರೌಲಿ ತಂಡ. ಔಷಧಿ ಬಂದದ್ದು ಮಾತ್ರ ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಶಾಂಘೈಯ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಹುಡುಗಿಯೊಬ್ಬಳಿಗೆ ವಿಟಮಿನ್ ಎ ವಂಶದ ಟ್ರೆಟಿನಾಯಿನ್ ಕೊಟ್ಟರು, ನಮ್ಮವರು ಎಟ್ರಾ ಎನ್ನುತ್ತಾರೆ. ಹಠ ಹಿಡಿದು ಎಳೆಯದಾಗಿಯೇ ಉಳಿದಿದ್ದ ಕಣಗಳು ಬಲಿತು, ಸಹಜ ಕಣಗಳಂತೆ ಆಯಸ್ಸು ಮುಗಿಸಿ ಸತ್ತವು. ಹುಡುಗಿ ಉಳಿದಳು. ಅತ್ತ ಹಾರ್ಬಿನ್ ನಗರದಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಗಾರರು 70ರ ದಶಕದಿಂದಲೇ ಪಾಷಾಣದ ದ್ರಾವಣ ಪ್ರಯೋಗಿಸುತ್ತಿದ್ದರು. ಹೌದು, ಆರ್ಸೆನಿಕ್. ಎಪಿಎಂಎಲ್‌ನ ವರ್ಣತಂತುಗಳ ಅದಲುಬದಲಿನಿಂದ ಹುಟ್ಟಿದ ಬೆಸುಗೆಯ ಪ್ರೊಟೀನನ್ನು ಅದು ಹಿಡಿದು ಚೂರು ಮಾಡಿಸುತ್ತದೆ ಎಂದು ತಿಳಿದದ್ದು ಆಮೇಲೆ. 2013ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಲೊ-ಕೊಕೊ ನೇತೃತ್ವದ ಅಧ್ಯಯನ ಈ ಎರಡನ್ನೇ, ಕೀಮೋ ಇಲ್ಲದೆ, ಬಿಳಿರಕ್ತಕಣ ಹೆಚ್ಚಿಲ್ಲದ ರೋಗಿಗಳಿಗೆ ಕೊಟ್ಟಾಗ 2 ವರ್ಷಕ್ಕೆ ಬದುಕಿದ್ದವರು ಶೇ 99.

ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಇದಕ್ಕಿಂತ ಮೊದಲೇ ತನ್ನ ದಾರಿ ಹುಡುಕಿಕೊಂಡಿತ್ತು. ದುಬಾರಿ ಚಿಕಿತ್ಸೆಗೆ ಹಣವಿಲ್ಲದೆ ರೋಗಿಗಳು ವಾಪಸ್ ಹೋಗುತ್ತಿದ್ದ 1998ರಲ್ಲಿ ಅಲ್ಲಿನ ಹೆಮಟಾಲಜಿ ವಿಭಾಗ ಆರ್ಸೆನಿಕ್ ಒಂದನ್ನೇ ಕೊಡಲು ಶುರುಮಾಡಿತು. ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದಾಗ, ಶೇ 86 ಮಂದಿಯಲ್ಲಿ ರೋಗ ಹಿಮ್ಮೆಟ್ಟಿತ್ತು. ಬಡತನದಿಂದ ಹುಟ್ಟಿದ ಪ್ರಯೋಗವನ್ನು ಶ್ರೀಮಂತ ದೇಶಗಳು ಗಮನವಿಟ್ಟು ಓದಿದ ಅಪರೂಪದ ಸಂದರ್ಭ.

ಎಪಿಎಂಎಲ್‌ನಲ್ಲಿ ಇಂದಿಗೂ ಜನ ಸಾಯುವುದು ಬಹುಪಾಲು ಮೊದಲ ಕೆಲವು ದಿನಗಳಲ್ಲಿ, ರಕ್ತಸ್ರಾವದಿಂದ. ಬಿಳಿರಕ್ತಕಣ 10,000 ದಾಟಿದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮಲ್ಲಿ ಜುಲೈ-ಆಗಸ್ಟಿನಲ್ಲಿ ಜ್ವರ, ಕಡಿಮೆ ಪ್ಲೇಟ್‌ಲೆಟ್, ವಸಡಿನಲ್ಲಿ ರಕ್ತ ಎಂದರೆ ಎಲ್ಲರ ಬಾಯಲ್ಲೂ ಡೆಂಗಿಯೇ. ಯಂತ್ರ ಕೊಟ್ಟ ಸಂಖ್ಯೆ ನೋಡಿ ಸುಮ್ಮನಾಗದೆ ಸ್ಲೈಡನ್ನು ಕಣ್ಣಿನಿಂದ ನೋಡುವ ಪೆಥಾಲಜಿಸ್ಟ್ ಇದ್ದರೆ ಮಾತ್ರ ಆ ಎಳೆಯ ಕಣಗಳು ಸಿಕ್ಕಿಬೀಳುತ್ತವೆ. ಅನುಮಾನ ಬಂದ ಕ್ಷಣವೇ ಎಟ್ರಾ ಶುರುಮಾಡಿ, ಜೀನ್ ರಿಪೋರ್ಟಿಗೆ ಕಾಯಬೇಡಿ ಎನ್ನುತ್ತವೆ ಎಲ್ಲ ಮಾರ್ಗಸೂಚಿಗಳು. ಕ್ಯಾಪ್ಸೂಲ್ ಅದು, ನುಂಗಿಸಿದರಾಯಿತು. ಆದರೆ ಜಿಲ್ಲಾ ಆಸ್ಪತ್ರೆಯ ಔಷಧಿ ಕಪಾಟಿನಲ್ಲಿ ಇರಬೇಕಲ್ಲ! ಹಾವಿನ ವಿಷಕ್ಕೆ ಮದ್ದು ಇಟ್ಟುಕೊಂಡಂತೆ ಪ್ರತಿ ಜಿಲ್ಲೆಯಲ್ಲೂ ನಾಲ್ಕು ದಿನಕ್ಕಾಗುವಷ್ಟು ಎಟ್ರಾ ಇಡಬೇಕೆಂದು ನಾನು ಸಿಕ್ಕ ಸಭೆಗಳಲ್ಲೆಲ್ಲ ಹೇಳುತ್ತಾ ಬಂದಿದ್ದೇನೆ. ಇಲ್ಲೂ ಹೇಳಿದ್ದಾಯಿತು.

ಎಲ್ಲ ಜೀನುಗಳ ಕಥೆ ಹೀಗೆ ಸುಖಾಂತವಲ್ಲ. ಮೇಲೆ ಹೇಳಿದ ಎಫ್‌ಎಲ್‌ಟಿ3 ಬದಲಾವಣೆ ಎಎಂಎಲ್ ಬಂದ ಮೂವರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ. ಅದಕ್ಕೆ 2017ರಲ್ಲಿ ಬಂದ ಮಿಡೋಸ್ಟಾರಿನ್ ಅನ್ನು ಕೀಮೋ ಜೊತೆ ಕೊಟ್ಟ 717 ಜನರ ಅಧ್ಯಯನದಲ್ಲಿ 4 ವರ್ಷಕ್ಕೆ ಬದುಕಿದ್ದವರು ಶೇ 51, ಡಮ್ಮಿ ಮಾತ್ರೆಯ ಗುಂಪಿನಲ್ಲಿ ಶೇ 44. ನಂತರ ಬಂದ ಕ್ವಿಜಾರ್ಟಿನಿಬ್ ಇನ್ನಷ್ಟು ನಿಖರ. ಮರುಕಳಿಸಿದ ರೋಗಕ್ಕೆ ಗಿಲ್ಟೆರಿಟಿನಿಬ್ ಕೊಟ್ಟಾಗ ಮಧ್ಯಮ ಆಯುಷ್ಯ 5.6 ತಿಂಗಳಿನಿಂದ 9.3 ತಿಂಗಳಿಗೆ ಏರಿತು. ಪತ್ರಿಕೆಗಳ ‘ಕ್ಯಾನ್ಸರಿಗೆ ರಾಮಬಾಣ’ ಶೀರ್ಷಿಕೆಗಳ ಕೆಳಗೆ ಇರುವುದು ಹಲವು ಸಲ ಇಂಥ ಮೂರೂವರೆ, ನಾಲ್ಕು ತಿಂಗಳು. ಅದು ಸಣ್ಣದೆಂದು ನಾನು ಹೇಳಲಾರೆ. ಆ ತಿಂಗಳುಗಳಲ್ಲಿ ರೋಗ ಹಿಡಿತಕ್ಕೆ ಬಂದು ಟ್ರಾನ್ಸ್‌ಪ್ಲಾಂಟ್ ತಲುಪಿದವರಿದ್ದಾರೆ. ಎಫ್‌ಎಲ್‌ಟಿ3 ಬರೀ ಬೆಳವಣಿಗೆಗೆ ಗಾಳಿ ಊದುವ ಜೀನು, ರೋಗದ ಮೂಲ ಬೇರು ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ಬಿಸಿಆರ್-ಏಬಿಎಲ್ ಮೇಲೆ ನಡೆದ ಪವಾಡ ಇಲ್ಲಿ ನಡೆಯದಿರಲು ಅದೇ ಕಾರಣ.

ಈ ಜೀನಿನ ವಿಷಯದಲ್ಲಿ ಭಾರತಕ್ಕೊಂದು ಅಡ್ಡದಾರಿ ಸಿಕ್ಕಿದ್ದು ಸ್ವಾರಸ್ಯಕರ. ಸೊರಾಫೆನಿಬ್ ಎಂಬುದು ಲಿವರ್ ಮತ್ತು ಕಿಡ್ನಿ ಕ್ಯಾನ್ಸರಿನ ಮಾತ್ರೆ. ತಿಂಗಳಿಗೆ 2.8 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದರ ಕಡ್ಡಾಯ ಪರವಾನಗಿ ಕೊಟ್ಟಿತು, ದೇಶದ ಮೊದಲನೆಯದು. ಬೆಲೆ 8,880ಕ್ಕೆ ಇಳಿಯಿತು. ಇದೇ ಮಾತ್ರೆ ಎಫ್‌ಎಲ್‌ಟಿ3 ಅನ್ನೂ ತಡೆಯುತ್ತದೆ. ಟ್ರಾನ್ಸ್‌ಪ್ಲಾಂಟ್ ನಂತರ ಸೊರಾಫೆನಿಬ್ ಕೊಟ್ಟರೆ ರೋಗ ಮರಳುವುದು ಗಣನೀಯವಾಗಿ ತಗ್ಗುತ್ತದೆಂದು 2020ರಲ್ಲಿ ಜರ್ಮನಿಯ ಅಧ್ಯಯನ ತೋರಿಸಿತು. ಕಿಡ್ನಿಗೆಂದು ಅಗ್ಗವಾದದ್ದು ಹೀಗೆ ರಕ್ತಕ್ಕೆ ಒದಗಿತು. ಮಿಡೋಸ್ಟಾರಿನ್ ಕೊಳ್ಳಲಾಗದವರಿಗೆ ನಮ್ಮ ಹೆಮಟಾಲಜಿಸ್ಟರು ಸೊರಾಫೆನಿಬ್ ಬರೆದರೆ, ‘ಇಂಟರ್‌ನೆಟ್ಟಿನಲ್ಲಿ ಇದು ಲಿವರ್ ಮಾತ್ರೆ ಅಂತಿದೆ’ ಎಂದು ಜಗಳ ತೆಗೆಯಬೇಡಿ.

ಇತ್ತೀಚಿನ ಸುದ್ದಿ ಕೆಎಂಟಿ2ಎ ಜೀನಿನದು. ಹುಟ್ಟಿ ವರ್ಷ ತುಂಬದ ಕೂಸುಗಳಿಗೆ ಬರುವ ಎಎಲ್‌ಎಲ್‌ನಲ್ಲಿ ಹೆಚ್ಚಿನವು ಇದರಿಂದಲೇ. ಇಲ್ಲಿ ಜೀನುಗಳ ಬೆಸುಗೆಯಿಂದ ಹುಟ್ಟಿದ ಪ್ರೊಟೀನ್ ಒಬ್ಬಂಟಿಯಾಗಿ ಕೆಲಸ ಮಾಡಲಾರದು, ಮೆನಿನ್ ಎಂಬ ಇನ್ನೊಂದರ ಹೆಗಲು ಬೇಕು. ಆ ಹೆಗಲನ್ನು ತಪ್ಪಿಸುವ ರೆವುಮೆನಿಬ್ ಮಾತ್ರೆಗೆ 2024ರ ನವೆಂಬರಿನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಮರುಕಳಿಸಿದ ಅಥವಾ ಬಗ್ಗದ ರೋಗಕ್ಕೆ, ಒಂದು ವರ್ಷ ಮೇಲ್ಪಟ್ಟವರಿಗೆ. ಕೂಸುಗಳ ಪಾಲಿಗೆ ಭರವಸೆ ತಂದದ್ದು ಬ್ಲಿನಾಟುಮೊಮ್ಯಾಬ್. 2023ರಲ್ಲಿ ಪ್ರಕಟವಾದ 30 ಕೂಸುಗಳ ಅಧ್ಯಯನದಲ್ಲಿ 2 ವರ್ಷಕ್ಕೆ ಬದುಕಿದ್ದವು ಶೇ 93, ಹಿಂದಿನ ಲೆಕ್ಕ ಶೇ 66. ಇದು ಮಾತ್ರೆಯಲ್ಲ, 28 ದಿನ ಎಡೆಬಿಡದೆ ಹನಿಸಬೇಕಾದ ಡ್ರಿಪ್, ಬೆಲೆ ಲಕ್ಷಗಳಲ್ಲಿ.

ಮತ್ತೆ ಟಿಪಿ53 ಇದೆ. ರಿಪೋರ್ಟಿನಲ್ಲಿ ಈ ಹೆಸರು ಕಂಡರೆ ನಾನು ವಾಟ್ಸ್‌ಆ್ಯಪ್‌ನಲ್ಲಿ ಉತ್ತರಿಸುವುದಿಲ್ಲ, ಫೋನ್ ಮಾಡುತ್ತೇನೆ. ಇದು ಕಣದ ಕಾವಲುಗಾರ ಜೀನು. ಬೇರೆಡೆ ತೊಂದರೆ ಅತಿಯಾದ ಕೆಲಸದ್ದು, ಇಲ್ಲಿ ಕೆಲಸವೇ ನಿಂತುಹೋದದ್ದು. ಮಿತಿಮೀರಿ ಕುಣಿಯುವುದನ್ನು ತಡೆಯಬಹುದು, ಇಲ್ಲವಾದದ್ದನ್ನು ಮಾತ್ರೆಯಿಂದ ಮರಳಿ ತರುವುದು ಇನ್ನೂ ಸಾಧ್ಯವಾಗಿಲ್ಲ. ಮ್ಯಾಗ್ರೊಲಿಮ್ಯಾಬ್ ಎಂಬ ಔಷಧಿಯ ಮೇಲೆ ಕೆಲವು ವರ್ಷ ದೊಡ್ಡ ಆಸೆಯಿತ್ತು, ಅಂತಿಮ ಹಂತದ ಪರೀಕ್ಷೆಗಳು ಸೋತವು. ಅಜಾಸಿಟಿಡಿನ್ ಜೊತೆ ವೆನೆಟೊಕ್ಲಾಕ್ಸ್ ಕೊಟ್ಟರೆ ರೋಗ ಒಮ್ಮೆ ಹಿಂದೆ ಸರಿಯಬಹುದು, ಹೆಚ್ಚಾಗಿ ತಿಂಗಳುಗಳಲ್ಲಿ ವಾಪಸಾಗುತ್ತದೆ. ಮಧ್ಯೆ ಅವಕಾಶ ಸಿಕ್ಕರೆ ಟ್ರಾನ್ಸ್‌ಪ್ಲಾಂಟ್. ಎಂಬತ್ತರ ಹೊಸ್ತಿಲಲ್ಲಿರುವ ಅಜ್ಜನಿಗೆ ಈ ಜೀನ್ ಇದ್ದರೆ, ಮನೆ ಮಾರಿ ಬೆಂಗಳೂರಿನಲ್ಲಿ ರೂಮು ಮಾಡುವ ಮೊದಲು ಪ್ಯಾಲಿಯೇಟಿವ್ ಕೇರ್ ವೈದ್ಯರೊಡನೆ ಒಂದು ಸಲ ಮಾತಾಡಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ.

ನಮ್ಮಂಥ ಕಡೆ ಈಗ ನಿಜವಾದ ರಿಸ್ಕ್ ಜೀನಿಗಿಂತ ಹೆಚ್ಚಾಗಿ ಪಂಚಾಂಗದಲ್ಲೂ ಪರ್ಸಿನಲ್ಲೂ ಇದೆ ಎಂಬುದು ನನ್ನ ಅಭಿಪ್ರಾಯ. ಮಿಡೋಸ್ಟಾರಿನ್ ಶುರುವಾಗುವುದು ಕೀಮೋದ 8ನೇ ದಿನ. ಎಫ್‌ಎಲ್‌ಟಿ3 ಫಲಿತಾಂಶ 3ರಿಂದ 5 ದಿನದಲ್ಲಿ ಕೈಗೆ ಬರಬೇಕು ಎನ್ನುತ್ತದೆ 2022ರ ಮಾರ್ಗಸೂಚಿ. ಒಂದೇ ಸಲಕ್ಕೆ ನೂರು ಜೀನ್ ಓದುವ ದೊಡ್ಡ ಪ್ಯಾನೆಲ್ ಮಾಡಿಸಿ, ಅದು ಬರಲು ಎರಡು-ಮೂರು ವಾರ ಕಾದರೆ ಪ್ರಯೋಜನವಿಲ್ಲ. ಔಷಧಿ ಇರುವ ನಾಲ್ಕಾರು ಜೀನುಗಳ ಪಿಸಿಆರ್ ಮತ್ತು ಫಿಶ್ ಪರೀಕ್ಷೆ ಮೊದಲು, ದೊಡ್ಡ ಪ್ಯಾನೆಲ್ ಅದರ ಹಿಂದೆ. ಮಜ್ಜೆ ತೆಗೆಯುವ ದಿನವೇ ಮನೆಯವರು ‘ಇದು ಯಾವ ಯಾವ ಪರೀಕ್ಷೆಗೆ ಹೋಗುತ್ತಿದೆ, ಯಾವುದು ಎಂದು ಬರುತ್ತದೆ’ ಎಂದು ಕೇಳಿದರೆ ಅಧಿಕಪ್ರಸಂಗವಲ್ಲ. ಹಣದ ವಿಚಾರದಲ್ಲೂ ಮೊದಲ ದಿನವೇ ಬಾಯಿ ಬಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಅಕ್ಯೂಟ್ ಲ್ಯುಕೇಮಿಯಾದ ಒಂದು ಸೋಂಕು, ಒಂದು ಐಸಿಯು ವಾರ ಅದರಲ್ಲಿ ಎಷ್ಟನ್ನು ನುಂಗುತ್ತದೆಂದು ನೋಡಿದವರಿಗೆ ಗೊತ್ತು. ಯಾವ ಮಾತ್ರೆಗೆ ಜೆನೆರಿಕ್ ಇದೆ, ಯಾವುದಕ್ಕೆ ಕಂಪನಿಯ ನೆರವಿನ ಯೋಜನೆ ಇದೆ, ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಯಾವುದು ಸಿಗುತ್ತದೆ ಎಂಬುದನ್ನು ಅಲ್ಲಿನ ಸಮಾಜ ಕಾರ್ಯಕರ್ತರು ಡಾಕ್ಟರಿಗಿಂತ ಚೆನ್ನಾಗಿ ಹೇಳುತ್ತಾರೆ.

ಕೊನೆಗೆ ನನ್ನ ಕಸುಬಿಗೆ ಸೇರಿದ ಭಾಗ. ಈ ಮಾತ್ರೆಗಳಿಂದ ಚಿಕಿತ್ಸೆಯ ದೊಡ್ಡ ಪಾಲು ಆಸ್ಪತ್ರೆಯಿಂದ ಮನೆಗೆ ಬಂದಿದೆ. ಮನೆಯಲ್ಲಿ ಅದನ್ನು ಕೆಡಿಸಲು ಬೇಕಾದಷ್ಟು ದಾರಿಗಳಿವೆ. ಎಟ್ರಾ, ಆರ್ಸೆನಿಕ್ ಮತ್ತು ಹೊಸ ಮೆನಿನ್ ಮಾತ್ರೆಗಳ ಆರಂಭದ ವಾರಗಳಲ್ಲಿ ಜ್ವರ, ಉಸಿರಾಟದ ಕಷ್ಟ, ದಿಢೀರ್ ತೂಕ ಏರಿಕೆ ಬಂದರೆ ಅದು ನೆಗಡಿ-ಕೆಮ್ಮು ಎಂದು ಊರಿನ ಅಂಗಡಿಯ ಆಂಟಿಬಯಾಟಿಕ್ ನುಂಗಿ ಕೂರುವಂಥದ್ದಲ್ಲ. ಕಣಗಳು ಒಟ್ಟಿಗೆ ಬಲಿಯುವಾಗ ಆಗುವ ಈ ತೊಂದರೆಗೆ ಸ್ಟೆರಾಯ್ಡ್ ತಡಮಾಡದೆ ಬೇಕು. ಫಂಗಸ್ ತಡೆಯುವ ಪೊಸಕೊನಜೋಲ್ ಜೊತೆಗಿದ್ದರೆ ವೆನೆಟೊಕ್ಲಾಕ್ಸ್ 400 ಮಿಲಿಗ್ರಾಂ ಬದಲು 100 ಅಥವಾ ಅದಕ್ಕಿಂತ ಕಡಿಮೆ ಸಾಕಾಗುತ್ತದೆ. ಡೋಸ್ ಕಡಿಮೆ ಮಾಡಿದ್ದಾರೆ, ಮೋಸವಿರಬೇಕು ಎಂದು ನೀವೇ ಹೆಚ್ಚಿಸಬೇಡಿ. ಅದೇ ಮಾತ್ರೆಯವರು ದಾರೆಹುಳಿ ತಿನ್ನಬಾರದು. ಗ್ರೇಪ್‌ಫ್ರೂಟ್ ಕೂಡದು ಎಂದು ಚೀಟಿಯಲ್ಲಿ ಬರೆದಿದ್ದರೆ, ಅದರ ಹತ್ತಿರದ ನೆಂಟನಾದ ನಮ್ಮ ದೇವನಹಳ್ಳಿ ಚಕ್ಕೋತವೂ ಅದರಲ್ಲಿ ಸೇರಿತೆಂದೇ ತಿಳಿಯಿರಿ. ಇನ್ನು ಡಾಸಾಟಿನಿಬ್. ಅದು ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಹುಳಿ ಇರಬೇಕು. ನಮ್ಮ ರಾಜ್ಯದಲ್ಲಿ ಬೆಳಗ್ಗೆ ಎದ್ದು ಕಾಫಿಗೆ ಮೊದಲು ಆ ಹುಳಿಯನ್ನೇ ತಗ್ಗಿಸುವ ಪ್ಯಾಂಟಪ್ರಜೋಲ್ ನುಂಗದ ಮನೆ ಹುಡುಕಬೇಕು, ನಾವು ಡಾಕ್ಟರುಗಳೂ ಪ್ರತಿ ಚೀಟಿಯ ತಲೆಗೆ ಅದನ್ನು ಗೀಚುತ್ತೇವೆ. ಡಾಸಾಟಿನಿಬ್ ತೆಗೆದುಕೊಳ್ಳುವವರು ಪ್ಯಾಂಟಪ್ರಜೋಲನ್ನು ತಮ್ಮ ಹೆಮಟಾಲಜಿಸ್ಟರನ್ನು ಕೇಳದೆ ಮುಟ್ಟಬಾರದು. ಎದೆಯುರಿ ತಡೆಯದಿದ್ದರೆ ಮಾಮೂಲಿ ಆಂಟಾಸಿಡ್ ಕುಡಿಯಬಹುದು, ಡಾಸಾಟಿನಿಬ್‌ಗೆ ಎರಡು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ.